ಪುದೀನ ಬೆಳೆದ ಉಕ್ಕಿನ ಟೊಪ್ಪಿಗೆ

ನನ್ನ ಅಂಗಿಯ ಎಡಗಡೆಯ ಜೇಬು ಯಾವಾಗಲೂ ಹರಿದಿರುತ್ತದೆ. ಅದರೊಳಗೆ ಒಂದು ಚುಂಬಕವಿದೆ. ಹಳೆಯ ರೇಡಿಯೋದ ಸ್ಪೀಕರಿನಿಂದ ಬಿಚ್ಚಿ ತೆಗೆದದ್ದು. ನಿಪ್ಪಟ್ಟಿನಷ್ಟು ಅಗಲ, ನಡುವೆ ತೂತು, ಮೈಯೆಲ್ಲ ಕಪ್ಪು. ಇಂಥದ್ದನ್ನು ಎದೆಯ ಮೇಲೆ ಇಟ್ಟುಕೊಂಡು ಓಡಾಡುವವರ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಶಹಾಪುರದಿಂದ ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ನಿಂತರೆ ಕಂಬಿ ನನ್ನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಮ್ಮೆ ಕಂಡಕ್ಟರ್ "ಮುಂದ ಸರೀರಿ" ಎಂದ. ನಾನು ಸರಿದೆ, ಜೇಬು ಸರಿಯಲಿಲ್ಲ. ಪರ್ ಎಂದು ಹರಿದ ಸದ್ದು ಕೇಳಿ ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

ಮದುವೆ ಮನೆಗೆ ಹೋದರೂ ಕೈ ಸುಮ್ಮನಿರುವುದಿಲ್ಲ. ಚುಂಬಕ ಹಿಡಿಯದಿದ್ದರೆ ಒಳ್ಳೆಯ ಸ್ಟೀಲು, ಹಿಡಿದರೆ ಹಗುರ ಮಾಲು ಎಂಬುದು ಪಾತ್ರೆಗಳ ಲೆಕ್ಕ. ಒಂದು ಮದುವೆಯಲ್ಲಿ ಬೀಗರು ಮೆರೆಸಲು ಇಟ್ಟಿದ್ದ ಕೊಡಕ್ಕೆ ಸುಮ್ಮನೆ ಮುಟ್ಟಿಸಿದೆ. ಟಪ್ಪೆಂದು ಕಚ್ಚಿಕೊಂಡಿತು. ಬಿಡಿಸಲು ಎಳೆದರೆ ಕೊಡವೇ ಮೇಲೆದ್ದು ಬಂತು. ನನ್ನ ಹೆಂಡತಿ ನಾಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ, ಸದ್ದಿಲ್ಲದೆ ನಗುತ್ತಿದ್ದಳು. ಮನೆಗೆ ಬಂದ ಮೇಲೆ ಜೇಬು ಹೊಲಿಯುತ್ತ ಹೇಳಿದಳು: "ಇನ್ನ ಮ್ಯಾಲ ಸೂಜಿ-ದಾರ ಸಾಲಂಗಿಲ್ರಿ. ಚೀಲ ಹೊಲಿಯೋ ದಬ್ಬಣ, ಸುತಳಿ ತಂದುಕೊಡ್ರಿ."

ಹೋದ ವರ್ಷ ಕಾರಹುಣ್ಣಿಮೆಗೆ ನಾಲ್ಕು ದಿನ ಇರುವಾಗ ನಾಗಮ್ಮ ತೀರಿಕೊಂಡಳು. ಎರಡು ದಿನದ ಎದೆನೋವು, ಅಷ್ಟೆ. ಅಂದಿನಿಂದ ಜೇಬನ್ನು ನಾನೇ ಹೊಲಿದುಕೊಳ್ಳುತ್ತೇನೆ. ನನ್ನದು ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರೇಲರ್ ಡಬ್ಬಿಗೆ ಆರು ಅಡಿ ಉದ್ದದ ಬೆಸುಗೆಯನ್ನು ದಾರ ಹಿಡಿದಂತೆ ನೇರವಾಗಿ ಹಾಕುವ ನನಗೆ ಅಂಗೈ ಅಗಲದ ಬಟ್ಟೆಯನ್ನು ನೇರವಾಗಿ ಹೊಲಿಯಲು ಬರುವುದಿಲ್ಲ.

ಈ ಚುಂಬಕ ನನ್ನ ಜೇಬಿಗೆ ಬಂದದ್ದು ಟೊಪ್ಪಿಗೆಗಳಿಂದ. ಹಳೆಯ ಮಿಲಿಟರಿ ಟೊಪ್ಪಿಗೆಗಳನ್ನು, ಅಂದರೆ ಯುದ್ಧದಲ್ಲಿ ಸಿಪಾಯಿಗಳು ಹಾಕಿಕೊಳ್ಳುತ್ತಿದ್ದ ಉಕ್ಕಿನವನ್ನು, ನಾನು ಕೂಡಿಡುತ್ತೇನೆ. ಯಾಕೆ ಎಂದು ಕೇಳಬೇಡಿ. ಮನೆಯಲ್ಲಿ ಇಪ್ಪತ್ತು ವರ್ಷ ಕೇಳಿದರು, ಉತ್ತರ ಹೊಳೆಯಲಿಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲೇ ಫೇಲಾದವನು, ಇತಿಹಾಸದಲ್ಲಿ ಹೇಗೋ ದಾಟಿದವನು. ಆದರೆ ಯಾದಗಿರಿಯ ಸ್ಟೇಷನ್ ಕಡೆ ಗುಜರಿ ಅಂಗಡಿ ಇಟ್ಟಿರುವ ಖಾಸಿಂ ಚಾಚಾ "ಭಾಯಿ, ಒಂದು ಟೊಪ್ಪಿಗಿ ಬಂದದ" ಎಂದು ಫೋನು ಮಾಡಿದರೆ ಇವತ್ತಿಗೂ ನನ್ನ ಎದೆ ಗಿರಣಿಯಂತೆ ಹೊಡೆದುಕೊಳ್ಳುತ್ತದೆ. ಬೆಸುಗೆಯ ಕಡ್ಡಿ ಅರ್ಧ ಉರಿದಿರುತ್ತದೆ, ಗಿರಾಕಿ ಎದುರಿಗಿರುತ್ತಾನೆ, ನಾನು ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ.

ಮೊದಲನೆಯದು ಸಿಕ್ಕಿದ್ದು ಅದೇ ಅಂಗಡಿಯಲ್ಲಿ. ಬಾಗಿಲಿಗೆ ಬೇಕಾದ ಹಳೆಯ ಕೀಲುಗಳನ್ನು ಹುಡುಕಲು ಹೋಗಿದ್ದೆ. ಮುರಿದ ಫ್ಯಾನಿನ ರೆಕ್ಕೆಗಳ ನಡುವೆ ಹಿಟ್ಟು ನಾದುವ ಪರಾತವನ್ನು ಬೋರಲು ಹಾಕಿದಂತೆ ಒಂದು ಅಗಲ ಅಂಚಿನ ಟೊಪ್ಪಿಗೆ ಬಿದ್ದಿತ್ತು. ಚಾಚಾನಿಗೆ ಅದರ ಮೇಲೆ ಸಿಟ್ಟು. ಗುಜರಿಯವರಿಗೆ ಚುಂಬಕದ ಮಾತೇ ಕೊನೆಯ ಮಾತು. ಹಿಡಿದರೆ ಕಬ್ಬಿಣದ ರಾಶಿಗೆ, ಹಿಡಿಯದಿದ್ದರೆ ಹಿತ್ತಾಳೆ, ಅಲ್ಯುಮಿನಿಯಮ್ಮಿನ ರಾಶಿಗೆ. ಇದು ಎರಡಕ್ಕೂ ಸೇರದು.

"ಮ್ಯಾಗ್ನೆಟ್ ಹಿಡಿಯಂಗಿಲ್ಲ, ಹಂಗಾರ ಕಬ್ಬಣ ಅಲ್ಲ. ಎತ್ತಿದ್ರ ಕಬ್ಬಣದಾಂಗ ಭಾರ. ಹಿತ್ತಾಳಿ ಅನ್ನಾಕ ತುಕ್ಕು ಹತ್ತ್ಯಾದ. ಯಾವ ಶೈತಾನ ಮಾಡ್ಯಾನೋ ಇದನ್ನ. ತಗೊಂಡು ಹೋಗು ಭಾಯಿ, ಅಂಗಡಿಯಾಗಿನ ಬರಕತ್ತೇ ಹೋಗ್ಯಾದ."

ಅದರ ಗುಟ್ಟು ತಿಳಿದದ್ದು ಆಮೇಲೆ, ಮನೆಗೆ ಗೇಟು ಮಾಡಿಸಲು ಬಂದ ಒಬ್ಬ ನಿವೃತ್ತ ಸುಬೇದಾರರಿಂದ. ಬ್ರಿಟಿಷರ ಕಾಲದ ಆ ತರಹದ ಟೊಪ್ಪಿಗೆಯ ಉಕ್ಕಿನಲ್ಲಿ ಮ್ಯಾಂಗನೀಸ್ ಬೆರೆಸುತ್ತಿದ್ದರಂತೆ. ಅದಕ್ಕೆ ಚುಂಬಕ ಅಂಟುವುದಿಲ್ಲ. ಆಮೇಲಿನ ಕಾಲದವು, ಬೇರೆ ದೇಶದವು ಅಂಟಬಹುದು. ಆದರೆ ಈ ಪರಾತದ ಆಕಾರದ್ದಕ್ಕೆ ಅಂಟಿತೆಂದರೆ ಅದು ಯಾರೋ ತಗಡು ಬಡಿದು ಮಾಡಿದ ನಕಲಿ. ನನಗೆ ರಾಜ್ಯವೇ ಸಿಕ್ಕಂತಾಯಿತು. ಇಡೀ ಗುಜರಿ ಲೋಕ ಕಸವೆಂದು ಎಸೆಯುವುದೇ ಅಸಲಿ. ಅದು ನನಗೊಬ್ಬನಿಗೇ ಗೊತ್ತು. ಅವತ್ತೇ ಸ್ಪೀಕರು ಬಿಚ್ಚಿದೆ.

ಚುಂಬಕವೊಂದೇ ಅಲ್ಲ, ನೋಡುವುದು ಬಹಳಷ್ಟಿದೆ. ಮೊದಲು ಬೆರಳ ಗೆಣ್ಣಿನಿಂದ ಬಡಿಯಬೇಕು. ಅಸಲಿಯಾದರೆ ಗುಡಿಯ ಗಂಟೆಯ ಹಾಗೆ ಸ್ವಲ್ಪ ಹೊತ್ತು ಗುಂಯ್ಗುಡುತ್ತದೆ, ನಕಲಿ ಎಣ್ಣೆ ಡಬ್ಬಿಯಂತೆ ಡಬಕ್ ಎಂದು ಸುಮ್ಮನಾಗುತ್ತದೆ. ಅಂಚಿಗೆ ಸುತ್ತಿದ ಪಟ್ಟಿಯ ಎರಡು ತುದಿ ಎಲ್ಲಿ ಕೂಡಿವೆ, ಹೇಗೆ ಕೂಡಿವೆ ಎಂದು ಉಗುರಾಡಿಸಿ ನೋಡಬೇಕು. ಗದ್ದದ ಪಟ್ಟಿ ಕಟ್ಟುವ ಕೊಂಡಿಯ ಹತ್ತಿರ, ಅಂಚಿನ ಕೆಳಗೆ, ಬಣ್ಣದಡಿಯಲ್ಲಿ ಅಚ್ಚೊತ್ತಿದ ಅಕ್ಷರ ಇರುತ್ತವೆ. ಅರ್ಧ ಅಳಿಸಿದ್ದರೆ ಸಂತೋಷಪಡಬೇಕು. ನಿಚ್ಚಳವಾಗಿ ಓದಲು ಬಂದರೆ ಸಂಶಯಪಡಬೇಕು. ತುಕ್ಕಿನಲ್ಲೂ ಎರಡು ಜಾತಿ. ಕಾಲ ತಿಂದ ತುಕ್ಕು ಸಿಡುಬಿನ ಕಲೆಯಂತೆ ಗುಳಿ ಮಾಡುತ್ತದೆ. ಉಪ್ಪುನೀರು, ಹುಳಿಮಜ್ಜಿಗೆ ಸುರಿದು ತಿಪ್ಪೆಯಲ್ಲಿ ಹೂತು ತೆಗೆದ ತುಕ್ಕು ಕುಂಕುಮದಂತೆ ಕೈಗೆ ಹತ್ತುತ್ತದೆ.

ನಮ್ಮ ಕಡೆ ಇವು ಎಲ್ಲಿಂದ ಬಂದವೋ ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಸಿಪಾಯಿಗಳು ತಂದವು, ನಿಜಾಮರ ಕಾಲದ ಗೋದಾಮಿನಿಂದ ಹರಾಜಿಗೆ ಬಂದವು, ಹೀಗೆ ಬಾಯಿಗೊಂದು ಮಾತು. ಬಂದವಂತೂ ಸುಮ್ಮನೆ ಕೂಡಲಿಲ್ಲ. ಸುಣ್ಣ ಕಲಸಲು ನಿಂತವು, ಕೋಳಿಗೆ ನೀರಿಟ್ಟವು, ಬಯಲಾಟದಲ್ಲಿ ಬೇಗಡೆ ಹಚ್ಚಿಸಿಕೊಂಡು ದುರ್ಯೋಧನನ ಕಿರೀಟವಾದವು. ರಾಮಸಮುದ್ರದಲ್ಲಿ ಒಂದು ಮಣ್ಣಿನ ಮಾಳಿಗೆಯ ಮೇಲೆ, ಮಳೆ ಬಂದಾಗ ಬೆಳಕಿಂಡಿ ಮುಚ್ಚಲು ಒಂದನ್ನು ಬೋರಲು ಹಾಕಿದ್ದರು. ರಸ್ತೆಯಿಂದಲೇ ಕಂಡಿತು. ಮನೆಯವರನ್ನು ಕೇಳಿ ಹತ್ತುವಷ್ಟು ತಾಳ್ಮೆ ನನಗೆಲ್ಲಿ? ಹತ್ತಿದೆ, ಬಗ್ಗಿದೆ, ಟೊಪ್ಪಿಗೆ ಎತ್ತಿದೆ. ಕೆಳಗೆ ರೊಟ್ಟಿ ಬಡಿಯುತ್ತಿದ್ದ ಮುದುಕಿಯ ಹಂಚಿನ ಮೇಲೆ ಬಿಸಿಲು ಬಿತ್ತು. ಆಕೆ ತಲೆ ಎತ್ತಿ ನೋಡಿದಳು. ಬೆಳಕಿಂಡಿಯ ತುಂಬ ನನ್ನ ಮುಖ.

"ಯಾವನೋ ಅವ?"

"ನಾನ್ರೀ, ಶಹಾಪುರದ ಶರಣಪ್ಪ. ಟೊಪ್ಪಿಗಿ ನೋಡಾಕ ಬಂದೀನ್ರಿ."

"ನೋಡಾಕ ಬಾಗಿಲ ಇಲ್ಲೇನೋ ನಿನಗ? ಇಳೀ ಕೆಳಗ, ಒಲಿಯಾಗಿನ ಕೊಳ್ಳಿ ತೋರಸ್ತೀನಿ."

ಕೊಳ್ಳಿ ತೋರಿಸಲಿಲ್ಲ, ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ತಿನ್ನಿಸಿ ಕಳಿಸಿದಳು. ಬೆಳಕಿಂಡಿಗೆ ಗಾಳಿ-ಬೆಳಕು ಆಡುವಂತೆ ಒಂದು ಕಬ್ಬಿಣದ ಮುಚ್ಚಳ ಮಾಡಿಕೊಟ್ಟು ಆ ಟೊಪ್ಪಿಗೆ ತಂದೆ. ನನ್ನ ಪಡಸಾಲೆಯ ಗೋಡೆಯ ನಟ್ಟನಡುವೆ ಇದ್ದದ್ದು ಅದೇ. ಗೋಡೆಯ ಮೇಲೆ ಅಸಲಿಗಳಿಗೆ ಮಾತ್ರ ಮೊಳೆ. ನಕಲಿ ಎಂದು ಗೊತ್ತಾದವನ್ನು ದೀಪಾವಳಿಗೆ ಮನೆ ಬಳಿಯುವಾಗ ಖಾಸಿಂ ಚಾಚಾನ ಗಾಡಿಗೆ ಹಾಕಿಬಿಡುವುದು. ಇದು ನಾನೇ ಮಾಡಿಕೊಂಡ ಕಾನೂನು.

ನಾಗಮ್ಮನಿಗೆ ಟೊಪ್ಪಿಗೆಗಳೆಂದರೆ ಧೂಳು ಒರೆಸುವ ಕೆಲಸ. ಆದರೂ ನನ್ನ ಚುಂಬಕಕ್ಕಿಂತ ಅವಳ ಮೂಗು ಚುರುಕಾಗಿತ್ತು. ಹೈದರಾಬಾದಿನ ಸಂತೆಯಿಂದ ಒಮ್ಮೆ ಬೇರೆ ದೇಶದ್ದೆಂದು ಒಂದನ್ನು ಕುಣಿಯುತ್ತ ತಂದೆ. ಒಳಗೆ ಚರ್ಮದ ಅಸ್ತರು, ಬೆವರಿನ ಕಲೆ, ಎಲ್ಲ ಇದ್ದವು. ಆ ಜಾತಿಯದಕ್ಕೆ ಚುಂಬಕ ಹಿಡಿಯಬೇಕು, ಹಿಡಿಯುತ್ತಿತ್ತು ಕೂಡ. ನಾಗಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಮೂಸಿದಳು.

"ಇದನ್ನ ಯಾರೂ ತಲಿಗೆ ಹಾಕ್ಕೊಂಡಿಲ್ರಿ."

"ನಿನಗ ಹ್ಯಾಂಗ ಗೊತ್ತು? ಬೆವರಿನ ಕಲಿ ಕಾಣಂಗಿಲ್ಲೇನು?"

"ಕಲಿ ಐತಿ, ವಾಸನಿ ಇಲ್ಲ. ಮೂವತ್ತ ವರ್ಷ ನಿಮ್ಮ ತಲಿದಿಂಬು ಒಗದೀನಿ, ಗಂಡಸರ ತಲಿ ವಾಸನಿ ನನಗ ಗೊತ್ತಿಲ್ಲೇನು? ಇದು ಸೈಕಲ್ ಪಂಚರ್ ಹಾಕೋ ಸೊಲ್ಯೂಷನ್ ವಾಸನಿ."

ಅಸ್ತರು ಬಿಚ್ಚಿ ನೋಡಿದೆ. ಹೊಸ ಅಂಟು ಇನ್ನೂ ಮೆತ್ತಗಿತ್ತು. ಯಾವುದೋ ಸಿನಿಮಾದ ಶೂಟಿಂಗಿಗೆ ಮಾಡಿದ್ದಿರಬೇಕು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾದದ್ದು ಮೂರನೆಯ ದಿನ.

ಇಷ್ಟೆಲ್ಲ ಸುತ್ತಿ ಬಂದದ್ದು ಅವಳ ಟೊಪ್ಪಿಗೆಯ ವಿಷಯ ಹೇಳಲಿಕ್ಕೆ. ನೇರವಾಗಿ ಹೇಳಲು ಬಾಯಿ ಬರಲಿಲ್ಲ.

ನಾಗಮ್ಮನ ತವರು ಸುರಪುರ. ಅವಳ ಮುತ್ಯಾ, ಅಂದರೆ ತಾಯಿಯ ತಂದೆ, ಬ್ರಿಟಿಷರ ದಂಡಿನಲ್ಲಿ ಲಾರಿ ಹೊಡೆಯಲು ಹೋಗಿದ್ದನಂತೆ. ಸಮುದ್ರ ದಾಟಿ ಯುದ್ಧ ನೋಡಿ ಬಂದನಂತೆ. ಊರವರು ನಂಬಲಿಲ್ಲ. "ಯಾವ ಯುದ್ಧ? ಮುಂಬೈ ಬಂದರದಾಗ ಮೂಟೆ ಹೊತ್ತು ಬಂದಾನ" ಎಂದು ಕಟ್ಟೆಯ ಮೇಲೆ ನಗುತ್ತಿದ್ದರಂತೆ. ಆತನ ಕಡೆಗಿದ್ದ ಸಾಕ್ಷಿ ಒಂದೇ, ಅಗಲ ಅಂಚಿನ ಒಂದು ಉಕ್ಕಿನ ಟೊಪ್ಪಿಗೆ. ಆತ ಸತ್ತ ಮೇಲೆ ಅದು ಬಾಣಂತಿ ಕೋಣೆ ಸೇರಿತು. ನಮ್ಮ ಕಡೆ ಹೆತ್ತವಳ ಹಗ್ಗದ ಹೊರಸಿನ ಕೆಳಗೆ ಕೆಂಡ ಇಟ್ಟು ಬೆನ್ನು ಕಾಸುತ್ತಾರಲ್ಲ, ಅದಕ್ಕೆ ಬೇಕಾದ ಅಗ್ಗಿಷ್ಟಿಗೆ ಅದೇ ಆಯಿತು. ನೆತ್ತಿಯ ನಡುವೆ ಅಸ್ತರಿನ ತಿರುಪಿಗೆಂದು ಇದ್ದ ತೂತಿನ ಮೇಲೆ ಒಡೆದ ಗಡಿಗೆಯ ಒಂದು ಬೋಕಿ ಇಟ್ಟು, ಮೂರು ಕಲ್ಲಿನ ಮೇಲೆ ಅಂಗಾತ ಕೂರಿಸಿ, ಜಾಲಿ ಕಟ್ಟಿಗೆಯ ಕೆಂಡ ತುಂಬುವುದು. ನಾಗಮ್ಮ ಹುಟ್ಟಿದಾಗ ಅದರದೇ ಕಾವು. ನಮ್ಮ ಮಗಳು ರೇಣುಕಾ ಹುಟ್ಟಿದಾಗಲೂ ಅದೇ. ಕೂಸು ನೋಡಲು ಹೋದ ನಾನು ಹೊರಸಿನ ಕೆಳಗೆ ಕೆಂಪಗೆ ಹೊಳೆಯುತ್ತಿದ್ದ ಏನನ್ನೋ ಕಂಡಿದ್ದೆ. ಆಗ ಈ ಹುಚ್ಚು ಇನ್ನೂ ಹಿಡಿದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ನನ್ನ ಅತ್ತೆ ತೀರಿಕೊಂಡರು. ಭಾಂಡೆ ಹಂಚಿಕೊಳ್ಳುವಾಗ ನಾಗಮ್ಮ ತಾಮ್ರದ ಹಂಡೆ ಕೇಳಲಿಲ್ಲ, ಹಿತ್ತಾಳೆಯ ತಂಬಿಗೆ ಕೇಳಲಿಲ್ಲ. ಆ ಟೊಪ್ಪಿಗೆ ಕೇಳಿದಳು. ಹುಣಸೆಹಣ್ಣು, ಬೂದಿ ಹಾಕಿ ಎರಡು ದಿನ ತಿಕ್ಕಿ ಮಸಿ ತೆಗೆದಿದ್ದಳು. ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, ಮನೆಗೂ ಹೋಗದೆ ಸೀದಾ ಅಂಗಡಿಗೆ ಬಂದಳು. ಖಾಸಿಂ ಚಾಚಾ ಅವತ್ತು ಅಲ್ಲೇ ಚಹಾ ಕುಡಿಯುತ್ತಿದ್ದರು.

"ಏನ್ರೀ, ಕಣ್ಣ ಮುಚ್ಚಿಕೋರಿ" ಎಂದಳು. ಅವಳು ಅಂಗಡಿಯಲ್ಲಿ ನಾಲ್ಕು ಜನರ ಎದುರು ಹೀಗೆ ಮಾತಾಡಿದ್ದು ಅದೊಂದೇ ಸಲ. ಮುಚ್ಚಿಕೊಂಡೆ. ತೆರೆದಾಗ ಎದುರಿಗಿತ್ತು. ಆಕಾರ ಸರಿ, ಅಂಚು ಸರಿ. ಜೇಬಿನಿಂದ ಚುಂಬಕ ತೆಗೆದು, ನನ್ನ ಪದ್ಧತಿಯಂತೆ ಮೊದಲು ನೆತ್ತಿಗೆ ಮುಟ್ಟಿಸಿದೆ.

ಟಪ್.

"ಹಿಡೀತು" ಎಂದರು ಚಾಚಾ.

"ನಕಲಿ" ಎಂದೆ ನಾನು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಜಾಣತನ ತೋರಿಸುವ ಚಟ. "ನಿಮ್ಮ ಮುತ್ಯಾ ಇದನ್ನ ಯಾವುದೋ ನಾಟಕ ಕಂಪನಿಯಾಗ ಎತ್ತಿಕೊಂಡು ಬಂದಾನ ನೋಡು" ಎಂದೆ. ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ.

ನಾಗಮ್ಮ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಒಳಗೆ ಅಸ್ತರು ಇರಲಿಲ್ಲ, ಯಾವತ್ತೋ ಸುಟ್ಟುಹೋಗಿತ್ತು. ಮೂಸಿ ನೋಡಿ ಹೇಳಲು ಅವಳಿಗೇನೂ ಉಳಿದಿರಲಿಲ್ಲ. "ಆತು ಬಿಡ್ರಿ. ನಿಮ್ಮ ಕಲ್ಲು ಹೇಳಿದ್ದೇ ಖರೇ" ಎಂದು ಅದನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ನಾಲ್ಕು ದಿನ ಬಿಟ್ಟು ನೋಡುತ್ತೇನೆ, ಹಿತ್ತಲಿನ ಬಚ್ಚಲ ಪಕ್ಕದಲ್ಲಿ ಆ ಟೊಪ್ಪಿಗೆ ಅಂಗಾತ ಮಲಗಿದೆ, ಅದರ ತುಂಬ ಕರಿಮಣ್ಣು, ಮಣ್ಣಿನಲ್ಲಿ ಪುದೀನದ ಕಡ್ಡಿಗಳು. ನೀರು ಬಸಿಯಲು ನೆತ್ತಿಯ ತೂತು ಇದ್ದೇ ಇತ್ತು. ಹತ್ತು ವರ್ಷ ಆ ಪುದೀನದ ಚಟ್ನಿ ತಿಂದೆ. ಚೆನ್ನಾಗಿತ್ತು.

ಈ ಚಳಿಗಾಲದಲ್ಲಿ, ರೇಣುಕಾ ಹೆರಿಗೆಗೆ ಬರುವ ತಯಾರಿ ನಡೆದಿದ್ದಾಗ, ಗುಡ್ಡದ ಕಡೆಯ ಕಲ್ಲಿನ ಕ್ರಷರಿನಿಂದ ಒಬ್ಬ ಫಿಟ್ಟರ್ ಒಂದು ಪ್ಲೇಟು ತಂದ. ಬಂಡೆಗಳನ್ನು ಅಗಿದು ಜಲ್ಲಿ ಮಾಡುವ ದವಡೆಯ ಪ್ಲೇಟು, ಬಿರುಕು ಬಿಟ್ಟಿತ್ತು. ಅಂಥ ಕೆಲಸ ನನಗೆ ಹೊಸದು. ನನ್ನ ಕೈ ಅಭ್ಯಾಸದಂತೆ ಚುಂಬಕ ತೆಗೆದು ಮುಟ್ಟಿಸಿತು. ಜಾರಿ ಕೆಳಗೆ ಬಿತ್ತು.

"ಅರೆ, ಇದು ನಮ್ಮ ಟೊಪ್ಪಿಗಿ ಉಕ್ಕು" ಎಂದೆ.

"ಟೊಪ್ಪಿಗಿ ಗಿಪ್ಪಿಗಿ ಗೊತ್ತಿಲ್ರಿ ಅಣ್ಣಾರ, ಇದು ಮ್ಯಾಂಗನೀಸು. ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬೆರಳುದ್ದ ಬೆಸಿಗಿ ಹಾಕ್ರಿ, ನಿಂದರ್ರಿ, ಆರಲಿ. ಮತ್ತ ಬೆರಳುದ್ದ. ಒಂದೇ ಸವನೆ ಕಾಸಬ್ಯಾಡ್ರಿ."

"ಕಾಸಿದ್ರ ಏನಾಕ್ಕೈತಿ?"

"ಇದರ ಗುಣಾನೇ ಹೋಗತೈತ್ರಿ. ಕಾದ ಜಾಗಾಕ ಮ್ಯಾಗ್ನೆಟ್ ಹಿಡಿಯಾಕ ಹತ್ತತೈತಿ. ಹಿಡೀತು ಅಂದ್ರ ಉಕ್ಕು ಸುಟ್ಟೈತಿ ಅಂತ ತಿಳೀಬೇಕು. ನಮ್ಮ ಕ್ರಷರಿನಾಗ ಹಂಗ ನೋಡೇ ಹೇಳ್ತೀವಿ."

ನಾನು ಬೆಸುಗೆಯ ಹಿಡಿಕೆಯನ್ನು ಕೆಳಗಿಟ್ಟೆನೋ, ಎಸೆದೆನೋ ನೆನಪಿಲ್ಲ. ಕೆಳಗೆ ಬಿದ್ದಿದ್ದ ಚುಂಬಕ ಎತ್ತಿಕೊಂಡು ಓಡಿದೆ. ನಮ್ಮ ಮನೆ ಅಂಗಡಿಯಿಂದ ಎರಡು ಓಣಿ ದಾಟಿ. ಹಣೆಯ ಮೇಲೆ ಕಪ್ಪು ಕನ್ನಡಕ, ಕೈಗೆ ಚರ್ಮದ ಗವಸು, ಐವತ್ತೆಂಟು ವರ್ಷದ ಆಳು ಓಣಿಯಲ್ಲಿ ಓಡಿದರೆ ಜನ ಏನೆಂದುಕೊಳ್ಳಬೇಕು? "ಅಂಗಡಿಗೆ ಬೆಂಕಿ ಬಿತ್ತೇನ್ರೀ ಶರಣಪ್ಪಾರ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಹಿತ್ತಲಿನಲ್ಲಿ ಪುದೀನ ಹಸಿರಾಗಿ ನಿಂತಿತ್ತು. ಅವಳು ಹೋದ ಮೇಲೆ ನಾನು ನೆನಪಾದಾಗ ನೀರು ಹಾಕುತ್ತಿದ್ದೆ, ಅದು ನೆನಪಿಲ್ಲದಾಗಲೂ ಬೆಳೆದಿತ್ತು. ಕೈ ಹಾಕಿದವನು ನಿಂತೆ. ಅವಳು ಊರಿದ ಗಿಡ. ಕಿತ್ತು ನೆಲಕ್ಕೆ ಹಾಕಲು ಮನಸ್ಸು ಬರಲಿಲ್ಲ; ತಡೆಯುವಷ್ಟು ತಾಳ್ಮೆಯೂ ಇರಲಿಲ್ಲ. ಒಳಗೆ ಹೋಗಿ ಕೈಗೆ ಸಿಕ್ಕದ್ದನ್ನು ತಂದೆ. ಗೋಡೆಯ ನಟ್ಟನಡುವಿನ ರಾಮಸಮುದ್ರದ ಟೊಪ್ಪಿಗೆ ಅದು ಎಂದು ತಿಳಿದದ್ದು ಆಮೇಲೆ. ಅಂಚಿನ ಸುತ್ತ ಸಲಾಕೆ ಆಡಿಸಿ ಎತ್ತಿದೆ. ಮಣ್ಣು ಒಡೆಯಲಿಲ್ಲ. ಬೇರು ಹೆಣೆದುಕೊಂಡು, ಟೊಪ್ಪಿಗೆಯದೇ ಆಕಾರದಲ್ಲಿ ಇಡಿಯಾಗಿ ಎದ್ದು ಬಂತು. ಹಾಗೇ ಇನ್ನೊಂದರಲ್ಲಿ ಕೂರಿಸಿದೆ. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಒಂದೇ ಅಚ್ಚಿನವು ಎಂಬುದು ಅಲ್ಲೇ ಗೊತ್ತಾಗಬೇಕಿತ್ತು, ಆದರೆ ನನಗೆ ಚುಂಬಕವೇ ಹೇಳಬೇಕು.

ನಲ್ಲಿಯ ಕೆಳಗೆ ತೊಳೆದು, ಲುಂಗಿಯಿಂದ ಒರೆಸಿ, ನೆತ್ತಿಗೆ ಮುಟ್ಟಿಸಿದೆ. ಟಪ್. ಹನ್ನೊಂದು ವರ್ಷದ ಹಿಂದಿನದೇ ಸದ್ದು. ಅಲ್ಲಿಂದ ನಿಧಾನವಾಗಿ ಅಂಚಿನ ಕಡೆಗೆ ಜಾರಿಸಿದೆ. ನಾಲ್ಕು ಬೆರಳು ಇಳಿಯುವತನಕ ಹಿಡಿಯಿತು. ಐದನೆಯ ಬೆರಳಿಗೆ ಹಿಡಿತ ಸಡಿಲಾಯಿತು. ಇನ್ನೊಂದು ಬೆರಳು ಇಳಿಸಿದೆ. ಚುಂಬಕ ಠಣ್ಣೆಂದು ಬಚ್ಚಲ ಕಲ್ಲಿನ ಮೇಲೆ ಬಿತ್ತು.

ಎತ್ತಿ ಇನ್ನೊಂದು ಕಡೆ ಇಟ್ಟೆ. ಬಿತ್ತು. ಹಿಂದೆ ಇಟ್ಟೆ, ಬಿತ್ತು. ಅಂಚಿನ ಸುತ್ತ ಎಲ್ಲಿ ಇಟ್ಟರೂ ಬಿತ್ತು. ಜೇಬಿನಲ್ಲಿ ಕಬ್ಬಿಣಕ್ಕೆ ಗುರುತು ಹಾಕುವ ಸೀಮೆಸುಣ್ಣ ಇತ್ತು. ಎಲ್ಲೆಲ್ಲಿ ಹಿಡಿತ ಬಿಡುತ್ತದೆಯೋ ಅಲ್ಲಲ್ಲಿ ಚುಕ್ಕೆ ಇಡುತ್ತ ಹೋದೆ, ಚುಕ್ಕೆಗಳನ್ನು ಕೂಡಿಸಿದೆ. ಟೊಪ್ಪಿಗೆಯ ಸುತ್ತ ಒಂದು ಬಿಳಿಯ ಬಳೆ ಬಂತು. ಅಂಗಾತ ಇಟ್ಟು ನೋಡಿದೆ. ಅಲ್ಲಿಯತನಕ ಕೆಂಡ ತುಂಬುತ್ತಿದ್ದರು. ಅವಳ ಅಜ್ಜಿ, ಅವಳ ತಾಯಿ, ಎಷ್ಟು ಹೆಂಗಸರು ಎಷ್ಟು ಬಾಣಂತನ ಮಾಡಿದರೋ, ಎಲ್ಲರೂ ಅದೇ ಮಟ್ಟಕ್ಕೆ ತುಂಬಿದ್ದರು. ಕೆಂಡ ಮುಟ್ಟಿದ ಉಕ್ಕು ಗುಣ ಬಿಟ್ಟಿತ್ತು. ಮುಟ್ಟದ ಉಕ್ಕು ಮುತ್ಯಾ ತಂದಾಗ ಹೇಗಿತ್ತೋ ಹಾಗೇ ಇತ್ತು. ಅವತ್ತು ಅಂಗಡಿಯಲ್ಲಿ ನಾನು ಚುಂಬಕವನ್ನು ಆರು ಬೆರಳು ಕೆಳಗೆ ಇಟ್ಟಿದ್ದರೆ ಸಾಕಿತ್ತು.

"ಏ ಇವಳೇ..." ಎಂದು ಅಡುಗೆಮನೆಯ ಕಡೆ ತಿರುಗಿ ಬಾಯಿ ತೆರೆದಿದ್ದೆ.

ಬಚ್ಚಲ ಕಟ್ಟೆಯ ಮೇಲೆ ಕೂತೆ. ಆಮೇಲೆ ಖಾಸಿಂ ಚಾಚಾನಿಗೆ ಫೋನು ಮಾಡಿದೆ. ಅವರಿಗೆ ಅವತ್ತಿನ ಸಂಗತಿ ಪೂರ್ತಿ ನೆನಪಿತ್ತು. "ಹಿಡೀತು ಅಂದಾವ ನಾನಽ ಅಲ್ಲೇನು?" ಎಂದರು. "ಗ್ವಾಡಿ ಮ್ಯಾಲ ನಡುವ ಹಾಕು ಭಾಯಿ ಅದನ್ನ. ಎಲ್ಲಾದಕ್ಕಿಂತ ಮ್ಯಾಲ ಹಾಕು." ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ನಡುವಿನ ಮೊಳೆ ಹೇಗೂ ಖಾಲಿಯಾಗಿತ್ತು.

ಆದರೆ ಮೊದಲು ಯಾರಿಗಾದರೂ ಹೇಳಬೇಕು, ಅವಳ ಕಡೆಯವರಿಗೆ ಹೇಳಬೇಕು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸುರಪುರಕ್ಕೆ ಹೊರಟೆ. ಟೊಪ್ಪಿಗೆ ಚೀಲದಲ್ಲಿ, ಚೀಲ ತೊಡೆಯ ಮೇಲೆ. ಬಸ್ಸು ಕುಲುಕಿದಾಗೆಲ್ಲ ಜೇಬಿನ ಚುಂಬಕ ಚೀಲದ ಕಡೆಗೆ ವಾಲಿ ನೆತ್ತಿಯನ್ನು ಹಿಡಿದುಕೊಳ್ಳುತ್ತಿತ್ತು. ನಾನು ಬಿಡಿಸಲಿಲ್ಲ.

ನಾಗಮ್ಮನ ಅಕ್ಕ ದ್ಯಾವಮ್ಮ ಅಂಗಳದಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ರೇಣುಕಾಳ ಬಾಣಂತನಕ್ಕೆ ಬರುವವರು ಅವರೇ. ನನಗಿಂತ ಹಿರಿಯರು, ನನ್ನನ್ನು ತಮ್ಮಾ ಎಂದೇ ಕರೆಯುವುದು.

"ಯಕ್ಕಾ, ಇದು ಅಸಲಿ ಐತ್ರಿ" ಎಂದೆ, ಕುಳಿತುಕೊಳ್ಳುವ ಮೊದಲೇ. ಚೀಲ ಬಿಚ್ಚಿ ಚುಂಬಕ ಹಚ್ಚಿ ತೋರಿಸಿದೆ, ಅಂಚಿಗೆ ಬೀಳಿಸಿ ತೋರಿಸಿದೆ, ಬಿಳಿಯ ಗೆರೆ ತೋರಿಸಿದೆ, ಮ್ಯಾಂಗನೀಸು, ಕ್ರಷರು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. "ನಿಮ್ಮ ಮುತ್ಯಾ ಖರೇನ ಯುದ್ಧಕ್ಕ ಹೋಗಿದ್ದ್ರಿ."

ದ್ಯಾವಮ್ಮ ಮೊರ ಕೇರುವುದನ್ನು ನಿಲ್ಲಿಸಲಿಲ್ಲ. "ಹೋಗಿದ್ದಾಂತ ನಮಗ ಗೊತ್ತೈತಲ್ಲೋ ತಮ್ಮಾ. ಅದನ್ನ ಹೇಳಾಕ ಬಸ್ಸ ಹತ್ತಿ ಬಂದ್ಯೇನು?"

"ನಾನು ನಕಲಿ ಅಂದಿದ್ದೆ, ಯಕ್ಕಾ. ಆಕಿ ಮುಂದ, ನಾಲ್ಕ ಮಂದಿ ಮುಂದ."

"ಹೇಳ್ಯಾಳ." ಅವರು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದರು. "ಅವತ್ತ ಸಂಜಿಗಿ ಫೋನ್ ಮಾಡಿದ್ಳು. ನಮ್ಮ ಮನಿಯವರು ನಕಲಿ ಅಂದ್ರ ದೀಪಾವಳಿಗಿ ಗುಜರಿಗಿ ಹಾಕತಾರ, ಏನ ಮಾಡ್ಲೆ ಅಕ್ಕಾ ಅಂದ್ಳು. ಹಾಕಬ್ಯಾಡ್ರಿ ಅಂತ ಕೇಳ್ಕೋ ಅಂದೆ. ಒಲ್ಲೆ, ಕೇಳಿದ್ರ ಅವರ ಕಲ್ಲಿನ ಮಾತ ಮುರದಂಗ ಆಗತೈತಿ ಅಂದ್ಳು. ಕಡೀಕ ಆಕೀನ ಅಂದ್ಳು, ಗಿಡಾ ಹಚ್ಚತೀನಿ, ಗಿಡಾ ಕಿತ್ತು ಗುಜರಿಗಿ ಹಾಕೂ ಮನಶ್ಯಾ ಅಲ್ಲ ಅವರು, ಅಂತ."

ಹತ್ತು ದೀಪಾವಳಿ ನಾನು ಆ ಪುದೀನದ ಪಕ್ಕದಲ್ಲೇ ನಿಂತು ನಕಲಿಗಳನ್ನು ಚಾಚಾನ ಗಾಡಿಗೆ ಎಣಿಸಿ ಹಾಕಿದ್ದೇನೆ. ಅದೊಂದು ನನ್ನ ಕಣ್ಣಿಗೆ ಟೊಪ್ಪಿಗೆಯಾಗಿ ಕಂಡೇ ಇರಲಿಲ್ಲ, ಕುಂಡವಾಗಿ ಕಂಡಿತ್ತು.

"ಇನ್ನೊಂದು ಹೇಳಿದ್ಳು" ಎಂದರು ದ್ಯಾವಮ್ಮ. "ರೇಣುಕಾನ ಬಾಣಂತನಾ ಅದರಾಗ ಮಾಡಬೇಕು, ಅಲ್ಲೀತನಕಾ ಗಿಡಾ ಕಾಯಲಿ ಅಂತ. ಛಲೋ ಆತು, ನೀನೇ ಕಿತ್ತು ತೊಳದಿ. ಬರೂ ಮಂಗಳವಾರ ಬರ್ತೀನಿ. ಜಾಲಿ ಕಟಗಿ ತಂದಿಡು."

ಮರಳುವ ಬಸ್ಸಿನಲ್ಲಿ ಕುಳಿತ ಮೇಲೆ ಒಳಗಿನ ಹುಚ್ಚ ಎದ್ದ. ಮತ್ತೆ ಕೆಂಡ ಹಾಕಿದರೆ ಕಾವು ಇನ್ನೂ ಮೇಲೇರುತ್ತದೆ. ದ್ಯಾವಮ್ಮನ ಕೈ ದೊಡ್ಡದು, ಗೆರೆ ನೋಡಿ ತುಂಬುವವರಲ್ಲ. ಚುಂಬಕ ಬೀಳುವ ಆ ಮೂರು ಬೆರಳಗಲದ ಉಕ್ಕು ಎರಡಕ್ಕಿಳಿಯುತ್ತದೆ, ಒಂದಕ್ಕಿಳಿಯುತ್ತದೆ. ಇನ್ನೊಂದೆರಡು ಬಾಣಂತನ ಕಳೆದರೆ ಅಸಲಿ ಎಂದು ಹೇಳಲು ಸಾಕ್ಷಿಯೇ ಉಳಿಯಲಿಕ್ಕಿಲ್ಲ. ಬೇರೆ ಅಗ್ಗಿಷ್ಟಿಗೆ ನಾನೇ ಮಾಡಿಕೊಡಬಹುದು, ಒಂದು ತಾಸಿನ ಕೆಲಸ. ಮೂರು ಕಾಲು, ಹಿಡಿಕೆ, ಎಲ್ಲ ಹಚ್ಚಿ ಮಾಡಬಹುದು. ಇದನ್ನು ಗೋಡೆಗೆ ಹಾಕಿ ಕೆಳಗೆ ಮುತ್ಯಾನ ಹೆಸರು ಬರೆಸಬಹುದು. ಅಂಗಡಿಗೆ ಬಂದವನೇ ತಗಡು ಅಳೆದೆ, ಕತ್ತರಿಸಿದೆ, ಬಗ್ಗಿಸಿದೆ. ಮಂಗಳವಾರದ ಒಳಗೆ ಚಂದದ ಒಂದು ಅಗ್ಗಿಷ್ಟಿಗೆ ತಯಾರಾಯಿತು. ಟೊಪ್ಪಿಗೆಯನ್ನು ನಡುವಿನ ಮೊಳೆಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

ರೇಣುಕಾ ಗಂಡನ ಊರು ಹುಣಸಗಿಯಿಂದ ಬಂದಳು. ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮೂರನೆಯ ದಿನ ಮನೆಗೆ ಕರೆತಂದೆವು. ಕೂಸಿಗೆ ಹೊಗೆ ತಾಗಬಾರದು, ಕಿಟಕಿ ತೆರೆದಿರಬೇಕು ಎಂದು ನರ್ಸಮ್ಮ ಎರಡು ಸಲ ಹೇಳಿ ಕಳಿಸಿದ್ದರು. ದ್ಯಾವಮ್ಮ ಅಂಗಳದಲ್ಲೇ ಕಟ್ಟಿಗೆ ಉರಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಕೆಂಡ ಆಗುವತನಕ ಕಾದರು. ನಾನು ಮಾಡಿದ ಅಗ್ಗಿಷ್ಟಿಗೆಯನ್ನು ಸುತ್ತ ತಿರುಗಿಸಿ ನೋಡಿ, "ಭಾಳ ಛಂದ ಮಾಡೀಯೋ ತಮ್ಮಾ, ಇದರಾಗ ಬದನಿಕಾಯಿ ಸುಡೂಣು" ಎಂದು ಬದಿಗಿಟ್ಟರು.

ರೇಣುಕಾ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಗ್ಗುಲಾಗಿ ಮಲಗಿದ್ದಳು. ತಾಯಿಯ ಹಳೆಯ ಸೀರೆಯಲ್ಲಿ ಕೂಸನ್ನು ಸುತ್ತಿದ್ದರು. ಅವಳು ಗೋಡೆಯ ಕಡೆ ನೋಡುತ್ತಿದ್ದಳು.

"ಅಪ್ಪಾ, ಅದು ಅವ್ವ ತಂದದ್ದಲ್ಲ? ಪುದೀನದ್ದು? ಮ್ಯಾಲ ಯಾವಾಗ ಹಾಕ್ದಿ?"

"ಮೊನ್ನೆ."

"ಅವ್ವ ಇದ್ದಿದ್ರ ನಗತಿದ್ದಳು ನೋಡು."

ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ. ನಾನು ಹೋಗಿ ಟೊಪ್ಪಿಗೆಯನ್ನು ಮೊಳೆಯಿಂದ ತೆಗೆದೆ. ತೂತಿನ ಮೇಲೆ ಒಂದು ಬೋಕಿ ಇಟ್ಟೆ. ಹೊರಸಿನ ಕೆಳಗೆ ಮೂರು ಕಲ್ಲು ಜೋಡಿಸಿ ಅಂಗಾತ ಕೂರಿಸಿ, ಅಲುಗಾಡುತ್ತದೆಯೋ ಎಂದು ಒತ್ತಿ ನೋಡಿದೆ. ಅಂಗಿಯ ಜೇಬು ಅದರ ಕಡೆಗೆ ಬಗ್ಗಿತು. ಚುಂಬಕ ತೆಗೆದು ಕಿಟಕಿಯ ಸರಳಿಗೆ ಅಂಟಿಸಿ ಬಂದೆ.

ದ್ಯಾವಮ್ಮ ಸೌಟಿನಿಂದ ಕೆಂಡ ಸುರಿಯತೊಡಗಿದರು. ಒಂದು, ಎರಡು, ಮೂರು. ಹೊರಸಿನ ಕೆಳಗೆ ಕೆಂಪು ಬೆಳಕು ತುಂಬಿತು. ಕೆಂಡ ನಾನು ಬರೆದ ಬಿಳಿಯ ಗೆರೆಯ ಮಟ್ಟಕ್ಕೆ ಬಂತು. ಅವರು ಸೌಟು ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದರು. ಗೆರೆಯನ್ನು ಅವರು ಮರೆತಿರಲಿಲ್ಲ.

"ಸಾಕೇನೋ ತಮ್ಮಾ?"

ರೇಣುಕಾ ಕಣ್ಣು ಮುಚ್ಚಿದ್ದಳು. ಕೂಸು ಮುಷ್ಟಿ ಬಿಚ್ಚಿ ಮತ್ತೆ ಬಿಗಿಹಿಡಿಯಿತು. ಹೊರಗೆ ಚಳಿಯಿತ್ತು.

"ಇನ್ನೊಂದು ಸೌಟು ಹಾಕ್ರಿ, ಯಕ್ಕಾ" ಎಂದೆ.